ಗೋಡೆ ಕಟ್ಟದೆ ಆಫೀಸನ್ನು ಭಾಗ ಮಾಡುವುದು ಹೇಗೆ: ಬಿಡಿ ಪಾರ್ಟಿಷನ್ ಪ್ಯಾನೆಲ್‌ಗಳ ಸಮಗ್ರ ಮಾರ್ಗದರ್ಶಿ

ನಮ್ಮ ಆಫೀಸಿನ ಪಾರ್ಟಿಷನ್ ಬಿದ್ದದ್ದು ಒಂದು ಸೋಮವಾರ, ಊಟದ ಹೊತ್ತಿನಲ್ಲಿ. ನೀರಿನ ಕ್ಯಾನ್ ಹೊತ್ತು ಬಂದ ಹುಡುಗನ ಭುಜ ಸ್ವಲ್ಪ ತಾಗಿತು, ಅಷ್ಟೇ. ಸಾಲಾಗಿ ನಿಂತಿದ್ದ ನಾಲ್ಕು ಪ್ಯಾನೆಲ್‌ಗಳು ಒಟ್ಟಿಗೆ ಮೆಲ್ಲಗೆ ವಾಲಿ ಅಕೌಂಟ್ಸ್‌ನವರ ಮೇಜಿನ ಮೇಲೆ ಮಲಗಿಬಿಟ್ಟವು. ಎಲ್ಲರೂ ಊಟಕ್ಕೆ ಎದ್ದಿದ್ದರಿಂದ ಬಚಾವು. ಒಂದು ಮಾನಿಟರ್ ಹೋಯಿತು.

ರಾಜಾಜಿನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಹಾಲ್ ನಮ್ಮದು. 40 ಅಡಿ ಉದ್ದ, 28 ಅಡಿ ಅಗಲ. ಲೆಕ್ಕಪತ್ರದ ಕೆಲಸ, 16 ಜನ. ಅವರಲ್ಲಿ ನಾಲ್ವರದು ಬೆಳಿಗ್ಗೆಯಿಂದ ಸಂಜೆವರೆಗೆ ಫೋನಿನಲ್ಲೇ ಕೆಲಸ. ಉಳಿದವರಿಗೆ ಅಂಕಿ ಕೂಡಿಸುವಾಗ ಸದ್ದು ಬೇಡ. ಇಟ್ಟಿಗೆ ಗೋಡೆಯಾಗಲಿ ಜಿಪ್ಸಮ್ ಗೋಡೆಯಾಗಲಿ ಎಬ್ಬಿಸಿದರೆ ಬಿಟ್ಟುಹೋಗುವಾಗ ನಾವೇ ಒಡೆಸಿ ನೆಲ, ಸೀಲಿಂಗ್ ಎಲ್ಲ ಸರಿಮಾಡಿಕೊಡಬೇಕು. ಇಲ್ಲದಿದ್ದರೆ ಅಡ್ವಾನ್ಸ್‌ನಲ್ಲಿ ಕಡಿತ. ಅದಕ್ಕೇ ಬಿಡಿ ಪ್ಯಾನೆಲ್ ಮೊರೆಹೋದೆವು. ನೆಲಕ್ಕೆ ಮೊಳೆ ಹೊಡೆಯುವಂತಿಲ್ಲ, ಗೋಡೆ ಕೊರೆಯುವಂತಿಲ್ಲ. ಪ್ಯಾನೆಲ್‌ಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ, ಒಂದಕ್ಕೊಂದು ಕನೆಕ್ಟರ್‌ನಿಂದ ಸೇರಿಕೊಳ್ಳುತ್ತವೆ. ಬೇಕಾದಾಗ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು.

ಇಷ್ಟು ಸುಲಭದ ವಸ್ತುವನ್ನೂ ನಾವು ಮೊದಲ ಸಲ ಪೂರ್ತಿ ತಪ್ಪಾಗಿ ಕೊಂಡೆವು. ಆರಡಿ ಎತ್ತರದ ಎಂಟು ಪ್ಯಾನೆಲ್. ನೋಡಲು ಚೆನ್ನಾಗಿದ್ದವು. ಫೋನಿನ ಸದ್ದು ಮಾತ್ರ ಹಾಗೇ ಕೇಳುತ್ತಿತ್ತು. ಒಂದು ಪಕ್ಕದವರಿಗೆ ಸೆಕೆ, ಇನ್ನೊಂದು ಪಕ್ಕದವರಿಗೆ ಸ್ವೆಟರ್. ಆಮೇಲೆ ಅವು ಬಿದ್ದೂಬಿಟ್ಟವು. ಎರಡನೇ ಸಲ ಮಾಡಿದ್ದನ್ನು ಇಲ್ಲಿ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು: ಏನನ್ನು ತಡೆಯಬೇಕು?

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ಯಾನೆಲ್ ನಿಲ್ಲಿಸಬೇಕು ಅನ್ನಿಸಿದ ಪ್ರತಿ ಜಾಗದ ಹೆಸರು ಬರೆದು, ಅದರ ಎದುರು ಮೂರರಲ್ಲಿ ಒಂದು ಪದ ಬರೆಯಿರಿ: ಕಣ್ಣು, ಕಿವಿ, ಕಾಲು.

ಕಣ್ಣು ಎಂದರೆ ಎದುರಿನವರು ಕಾಣಬಾರದು, ಅಥವಾ ಫೈಲ್ ರಾಶಿ ಬಂದವರಿಗೆ ಕಾಣಬಾರದು. ಕಿವಿ ಎಂದರೆ ಸದ್ದು ಕಡಿಮೆಯಾಗಬೇಕು. ಕಾಲು ಎಂದರೆ ಜನ ಅಡ್ಡಾದಿಡ್ಡಿ ಓಡಾಡದೆ ಒಂದೇ ದಾರಿಯಲ್ಲಿ ಹೋಗಬೇಕು. ಕಾಲನ್ನು ತಡೆಯಲು ಸೊಂಟದೆತ್ತರದ ಪ್ಯಾನೆಲ್ ಸಾಕು, ಒಂದು ಸಾಲು ಗಿಡದ ಕುಂಡ ಇಟ್ಟರೂ ನಡೆಯುತ್ತದೆ. ಕಣ್ಣಿಗೆ ಎತ್ತರ ಮುಖ್ಯ. ಕಿವಿಗೆ ಎತ್ತರದ ಜೊತೆಗೆ ಯಾವ ವಸ್ತುವಿನಿಂದ ಮಾಡಿದ್ದು ಎಂಬುದೂ ಮುಖ್ಯ. ಮೂರಕ್ಕೂ ಒಂದೇ ಪ್ಯಾನೆಲ್ ಕೊಂಡರೆ ದುಡ್ಡು ಜಾಸ್ತಿ, ಉಪಯೋಗ ಕಡಿಮೆ. ನಾವು ಮಾಡಿದ್ದೂ ಅದೇ.

ನಮ್ಮ ಪಟ್ಟಿ ಹೀಗಿತ್ತು. ಫೋನಿನವರ ಸುತ್ತ: ಕಿವಿ. ಅಕೌಂಟ್ಸ್ ಮೇಜುಗಳ ನಡುವೆ: ಕಣ್ಣು, ಅದೂ ಕೂತಾಗ ಮಾತ್ರ. ರಿಸೆಪ್ಷನ್ ಹಿಂದೆ: ಕಣ್ಣು, ನಿಂತಾಗಲೂ. ಬಾಗಿಲಿಂದ ನೇರ ಪ್ಯಾಂಟ್ರಿಗೆ ನುಗ್ಗುವ ದಾರಿ: ಕಾಲು. ಈ ನಾಲ್ಕು ಸಾಲು ಬರೆದಾಗಲೇ ನಮ್ಮ ಎಂಟು ಎತ್ತರದ ಪ್ಯಾನೆಲ್‌ಗಳಲ್ಲಿ ಐದು ಬೇಕಾಗಿಯೇ ಇರಲಿಲ್ಲ ಎಂದು ಗೊತ್ತಾಯಿತು.

ಅಳತೆ, ಮತ್ತು ಟೈಲ್ಸ್ ಮಾಡುವ ಮೋಸ

ಟೇಪು ಹಿಡಿದು ಹಾಲ್‌ನ ಉದ್ದವನ್ನು ಎರಡು ಬದಿಯಲ್ಲೂ, ಸಾಧ್ಯವಾದರೆ ನಡುವೆಯೂ ಅಳೆಯಿರಿ. ಗೋಡೆಗಳು ಮೂಲೆಗೆ ಸರಿಯಾಗಿ ಇರುವುದು ಅಪರೂಪ. ನಮ್ಮಲ್ಲಿ ಎರಡು ಬದಿಗೆ ಎರಡೂವರೆ ಇಂಚು ವ್ಯತ್ಯಾಸ ಬಂತು. ಮೂರು ಅಳತೆಯಲ್ಲಿ ಕಡಿಮೆ ಇರುವುದನ್ನೇ ಹಿಡಿದುಕೊಳ್ಳಿ. ನೆಲದ ಹತ್ತಿರ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಎಷ್ಟು ಮುಂದಕ್ಕೆ ಬಂದಿದೆ ನೋಡಿ. ಕಂಬಗಳ ಅಳತೆ ತೆಗೆದುಕೊಳ್ಳಿ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಇದ್ದರೆ ಅದೇ ಗ್ರಾಫ್ ಹಾಳೆ. ಬಗ್ಗಿ ಎಣಿಸಿದರೆ ನಕ್ಷೆ ಬೇಗ ಮುಗಿಯುತ್ತದೆ. ಆದರೆ ಒಂದು ಎಚ್ಚರ. ಎಲ್ಲರೂ 'ಎರಡಡಿ ಟೈಲ್ಸ್' ಎನ್ನುತ್ತಾರೆ, ನಿಜವಾದ ಅಳತೆ ಸಾಮಾನ್ಯವಾಗಿ 600 ಮಿ.ಮೀ. ಎರಡಡಿ ಎಂದರೆ ಸುಮಾರು 610 ಮಿ.ಮೀ. ಒಂದು ಟೈಲ್‌ನಲ್ಲಿ 10 ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. 20 ಟೈಲ್ಸ್ ಎಣಿಸಿ '40 ಅಡಿ' ಎಂದು ಬರೆದರೆ ಮಾತ್ರ ಏಳೂವರೆ ಇಂಚು ತಪ್ಪುತ್ತದೆ. ಕೊನೆಯ ಪ್ಯಾನೆಲ್ ಗೋಡೆಗೆ ತಾಗಿ ನಿಲ್ಲದೇ ಹೋಗುವುದು ಇಂಥ ಲೆಕ್ಕದಿಂದಲೇ. ಪ್ಯಾನೆಲ್ ಮಾರುವವರು ಮಿ.ಮೀ.ನಲ್ಲಿ ಮಾತಾಡುತ್ತಾರೆ: 600, 750, 900, 1200. ಬಡಗಿಗಳು ಅಡಿ-ಇಂಚಿನಲ್ಲಿ. ನೀವು ಮೊದಲಿಂದ ಕೊನೆವರೆಗೂ ಮಿ.ಮೀ. ಹಿಡಿಯಿರಿ, ಪಕ್ಕದಲ್ಲಿ ಅಡಿ ಬರೆದುಕೊಳ್ಳಿ.

ನಕ್ಷೆಯಲ್ಲಿ ಗೋಡೆ, ಬಾಗಿಲಿನ ಜೊತೆಗೆ ಇವೂ ಇರಲಿ: ಬಾಗಿಲು ಯಾವ ಕಡೆ ತೆರೆಯುತ್ತದೆ, ಸ್ವಿಚ್ ಬೋರ್ಡ್, ಡಿಬಿ ಬಾಕ್ಸ್ (ಕರೆಂಟಿನ ಮೇನ್ ಸ್ವಿಚ್‌ಗಳಿರುವ ಪೆಟ್ಟಿಗೆ), ನೆಲದ ಪ್ಲಗ್ ಪಾಯಿಂಟ್, ಎಸಿ ಮತ್ತು ಅದರ ಗಾಳಿ ಬೀಳುವ ದಿಕ್ಕು, ಟ್ಯೂಬ್‌ಲೈಟ್ ಸಾಲು, ಕಿಟಕಿ, ಬೆಂಕಿ ಆರಿಸುವ ಸಿಲಿಂಡರ್. ನಾವು ಮೊದಲ ಸಲ ಡಿಬಿ ಬಾಕ್ಸ್ ಗುರುತು ಮಾಡಿರಲಿಲ್ಲ. ಕರೆಂಟ್ ಟ್ರಿಪ್ ಆದಾಗ ಪ್ಯಾನೆಲ್ ಹಿಂದೆ ಕೈ ತೂರಿಸಿ ತಡಕಾಡುವ ಸ್ಥಿತಿ ಬಂತು.

ನೆಲದ ಮೇಲೆ ಟೇಪ್, ಟೇಪ್ ಮೇಲೆ ರಟ್ಟು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಮಾಸ್ಕಿಂಗ್ ಟೇಪ್ ತಂದು ಪ್ಯಾನೆಲ್ ಬರುವ ಕಡೆಯೆಲ್ಲ ನೆಲಕ್ಕೆ ಅಂಟಿಸಿ. ಟೇಪ್ ಗೆರೆಯನ್ನು ದಾಟಬಾರದು ಎಂದು ಎಲ್ಲರಿಗೂ ಹೇಳಿ. ಎರಡು ದಿನ ನೋಡಿ.

ಆಮೇಲೆ ಫ್ರಿಜ್, ವಾಷಿಂಗ್ ಮಷಿನ್ ಬರುವ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ ತನ್ನಿ. ಬೇಕಾದ ಎತ್ತರಕ್ಕೆ ಕತ್ತರಿಸಿ, ಕುರ್ಚಿಗಳ ಬೆನ್ನಿಗೆ ಕಟ್ಟಿ, ಟೇಪ್ ಮೇಲೆ ನಿಲ್ಲಿಸಿ. ಸ್ವಲ್ಪ ಹಾಸ್ಯಾಸ್ಪದವಾಗಿ ಕಾಣುತ್ತದೆ ನಿಜ. ನಮ್ಮಲ್ಲಿ ಬಂದ ಕ್ಲೈಂಟ್ ಒಬ್ಬರು 'ಶಿಫ್ಟ್ ಮಾಡ್ತಿದೀರಾ ಮೇಡಂ?' ಅಂತಲೇ ಕೇಳಿದರು. ಇರಲಿ. ಆ ಒಂದು ವಾರದಲ್ಲಿ ಎರಡು ವಿಷಯ ಗೊತ್ತಾದವು. ಪ್ರಿಂಟರ್‌ಗೆ ಹೋಗಿಬರುವವರೆಲ್ಲ ಒಬ್ಬರೇ ಹುಡುಗಿಯ ಬೆನ್ನ ಹಿಂದೆ ಹಾದುಹೋಗುತ್ತಿದ್ದರು. ಅವಳಿಗೆ ಬೇಕಿದ್ದ ಪ್ಯಾನೆಲ್ ಎದುರಿಗಲ್ಲ, ಬೆನ್ನಿಗೆ. ಇನ್ನೊಂದು, ಮೀಟಿಂಗ್ ಮೂಲೆಗೆ ನಾವು ಹಾಕಿದ್ದ ಜಾಗದಲ್ಲಿ ಆರು ಕುರ್ಚಿ ಇಟ್ಟರೆ ಹಿಂದಕ್ಕೆ ಸರಿಸಿ ಏಳಲು ಆಗುತ್ತಿರಲಿಲ್ಲ.

ದಾರಿಗಳ ಅಗಲಕ್ಕೆ ನಾನು ಇಟ್ಟುಕೊಂಡ ಲೆಕ್ಕ ಇದು. ಒಬ್ಬರು ಹೋಗಿಬರುವ ಒಳದಾರಿ 900 ಮಿ.ಮೀ. ಇಬ್ಬರು ಎದುರುಬದುರಾಗುವ ಮುಖ್ಯ ದಾರಿ 1200. ಗಾಲಿಕುರ್ಚಿಯಲ್ಲಿ ಬರುವವರು ತಿರುಗಲು 1500 ಮಿ.ಮೀ. ವ್ಯಾಸದ ಖಾಲಿ ಜಾಗ, ಕನಿಷ್ಠ ರಿಸೆಪ್ಷನ್ ಮತ್ತು ಮೀಟಿಂಗ್ ಹತ್ತಿರ. ಮೇಜಿನ ಅಂಚಿನಿಂದ ಹಿಂದಿನ ಪ್ಯಾನೆಲ್‌ವರೆಗೆ ಕುರ್ಚಿಗಾಗಿ 900 ರಿಂದ 1050. ಇದಕ್ಕಿಂತ ಕಡಿಮೆ ಇಟ್ಟರೆ ಕುರ್ಚಿಯ ಬೆನ್ನು ದಿನಾ ಪ್ಯಾನೆಲ್‌ಗೆ ಗುದ್ದುತ್ತದೆ. ಮೂರು ತಿಂಗಳಲ್ಲಿ ಬಟ್ಟೆ ಹರಿಯುತ್ತದೆ, ಕನೆಕ್ಟರ್ ಸಡಿಲವಾಗುತ್ತದೆ.

ಎತ್ತರ

ಕುರ್ಚಿಯಲ್ಲಿ ಕೂತ ದೊಡ್ಡವರ ಕಣ್ಣು ನೆಲದಿಂದ ಸುಮಾರು 1150 ರಿಂದ 1250 ಮಿ.ಮೀ. ಎತ್ತರದಲ್ಲಿ ಇರುತ್ತದೆ. ಇದೊಂದು ನೆನಪಿದ್ದರೆ ಉಳಿದದ್ದೆಲ್ಲ ಸುಲಭ.

1050 ಮಿ.ಮೀ. ಪ್ಯಾನೆಲ್ ಮೇಜಿನ ಮೇಲಿನ ಚೆಲ್ಲಾಪಿಲ್ಲಿಯನ್ನು ಮುಚ್ಚುತ್ತದೆ, ಮುಖ ಕಾಣುತ್ತದೆ. ಒಟ್ಟಿಗೆ ಕೆಲಸ ಮಾಡುವ ತಂಡಕ್ಕೆ ಇದೇ ಒಳ್ಳೆಯದು. 1200 ಎಂಬುದು ಗಡಿ: ನೇರ ಕೂತರೆ ಎದುರಿನವರ ಹಣೆ ಕಾಣುತ್ತದೆ, ಸ್ವಲ್ಪ ಬಗ್ಗಿದರೆ ಏನೂ ಕಾಣುವುದಿಲ್ಲ. 1350 ರಿಂದ 1500 ಆದರೆ ಕೂತವರಿಗೆ ಪೂರ್ತಿ ಮರೆ, ಎದ್ದು ನಿಂತರೆ ಹಾಲ್ ಎಲ್ಲ ಕಾಣುತ್ತದೆ. 1800 ನಿಂತವರಿಗೂ ಮರೆ.

ಆರಡಿಯ ಪ್ಯಾನೆಲ್ ಗೋಡೆಯ ಹಾಗೇ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಆಸೆ. ಆದರೆ ಕಿಟಕಿ ಬೆಳಕನ್ನು ತಿನ್ನುವುದೂ ಅದೇ, ಎಸಿ ಗಾಳಿಯನ್ನು ತಡೆಯುವುದೂ ಅದೇ. ಅನಿವಾರ್ಯವಾದರೆ ಮೇಲಿನ 300-400 ಮಿ.ಮೀ. ಭಾಗ ಅಕ್ರಿಲಿಕ್ ಅಥವಾ ಗಾಜು ಇರುವಂಥದ್ದು ತೆಗೆದುಕೊಳ್ಳಿ. ಕಿಟಕಿಗೆ ಸಮಾನಾಂತರವಾಗಿ ಎತ್ತರದ ಸಾಲು ಬೇಡ, ಅಡ್ಡವಾಗಿ ನಿಲ್ಲಿಸಿ. ಬೆಳಕು ಸಾಲುಗಳ ನಡುವೆ ಒಳಗೆ ಬರುತ್ತದೆ.

ಸದ್ದು: ಇಲ್ಲಿ ಮೋಸ ಹೋಗುವುದು ಸುಲಭ

ಅಂಗಡಿಯವರು 'ಸೌಂಡ್‌ಪ್ರೂಫ್ ಪ್ಯಾನೆಲ್ ಮೇಡಂ' ಅಂದರೆ ಸುಮ್ನೆ ನಕ್ಕು ಮುಂದಿನ ಮಾತು ಕೇಳಿ. ಮೇಲೆ ತೆರೆದಿರುವ ಯಾವ ಪ್ಯಾನೆಲ್ಲೂ ಸೌಂಡ್‌ಪ್ರೂಫ್ ಆಗುವುದಿಲ್ಲ. ಸದ್ದು ನೀರಿನ ಹಾಗೆ, ಅಂಚಿನ ಮೇಲಿಂದ ಬಾಗಿ ಇಳಿಯುತ್ತದೆ. ಸೀಲಿಂಗ್‌ಗೆ ಬಡಿದು ವಾಪಸ್ ಬರುತ್ತದೆ. ಎದುರು ಗೋಡೆಯಿಂದಲೂ ಬರುತ್ತದೆ.

ಸದ್ದನ್ನು ತಡೆಯುವುದು ಬೇರೆ, ಹೀರುವುದು ಬೇರೆ. ತಡೆಯಲು ಭಾರ ಬೇಕು: ಗಾಜು, ದಪ್ಪ ಬೋರ್ಡ್. ಹೀರಲು ಮೆತ್ತಗಿನ, ಗಾಳಿ ಆಡುವ ವಸ್ತು ಬೇಕು: ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಹಾಳೆ), ಫೋಮ್, ಬಟ್ಟೆ ಸುತ್ತಿದ ಗ್ಲಾಸ್‌ವೂಲ್. ನಮ್ಮ ಮೊದಲ ಪ್ಯಾನೆಲ್‌ಗಳು ಎರಡೂ ಬದಿ ನುಣುಪಾದ ಲ್ಯಾಮಿನೇಟ್ ಹಾಕಿದ ಬೋರ್ಡ್. ಫೋನಿನವರ ಮಾತು ಅದಕ್ಕೆ ಬಡಿದು ಅವರಿಗೇ ವಾಪಸ್ ಬರುತ್ತಿತ್ತು. ತಮ್ಮ ದನಿ ತಮಗೇ ಗುಂಯ್ ಅನ್ನುತ್ತಿದ್ದರಿಂದ ಅವರು ಇನ್ನೂ ಜೋರಾಗಿ ಮಾತಾಡತೊಡಗಿದರು! ಪಾರ್ಟಿಷನ್ ಹಾಕಿದ ಮೇಲೆ ಸದ್ದು ಜಾಸ್ತಿಯಾಯಿತು ಎಂದು ನಾವು ಅಂದುಕೊಂಡದ್ದು ಭ್ರಮೆ ಆಗಿರಲಿಲ್ಲ.

ಮಾರುವವರನ್ನು ಎನ್‌ಆರ್‌ಸಿ ಎಷ್ಟು ಎಂದು ಕೇಳಿ. ತನ್ನ ಮೇಲೆ ಬಿದ್ದ ಸದ್ದಿನಲ್ಲಿ ಎಷ್ಟು ಭಾಗವನ್ನು ವಸ್ತು ಹೀರುತ್ತದೆ ಎಂಬ ಅಂಕಿ ಅದು, 0 ಎಂದರೆ ಏನೂ ಇಲ್ಲ, 1 ಎಂದರೆ ಹೆಚ್ಚುಕಡಿಮೆ ಎಲ್ಲ. ಫೋನಿನವರ ಸುತ್ತ 0.7 ಅಥವಾ ಮೇಲಿದ್ದರೆ ಒಳ್ಳೆಯದು. ತಡೆಯುವ ಶಕ್ತಿಗೆ ಎಸ್‌ಟಿಸಿ ಎಂಬ ಬೇರೆ ಅಂಕಿ ಇದೆ. ಒಂದನ್ನು ಕೇಳಿದರೆ ಇನ್ನೊಂದನ್ನು ಹೇಳುವವರಿದ್ದಾರೆ, ಗಮನ ಇರಲಿ.

ಪ್ಲಾಸ್ಟಿಕ್ ಬಾಟಲಿ ಮರುಬಳಕೆಯಿಂದ ಮಾಡುವ ಪೆಟ್ ಫೆಲ್ಟ್ ಈಗ ಎಲ್ಲ ಕಡೆ ಸಿಗುತ್ತದೆ, 9 ಅಥವಾ 12 ಮಿ.ಮೀ. ದಪ್ಪದಲ್ಲಿ. ಅದನ್ನು ಬೋರ್ಡ್‌ಗೆ ನೇರ ಅಂಟಿಸುವುದಕ್ಕಿಂತ ಹಿಂದೆ ಸ್ವಲ್ಪ ಗಾಳಿ ಜಾಗ ಬಿಟ್ಟರೆ ಹೆಚ್ಚು ಹೀರುತ್ತದೆ. ಫ್ರೇಮ್‌ನ ಎರಡೂ ಬದಿ ಫೆಲ್ಟ್, ನಡುವೆ ಪೊಳ್ಳು. ಇಂಥದ್ದನ್ನು ಕೇಳಿ ಮಾಡಿಸಿ. ಜೊತೆಗೆ ಬೆಂಕಿ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ. ಎಎಸ್‌ಟಿಎಂ ಇ84 ಎಂಬ ಪರೀಕ್ಷೆಯಲ್ಲಿ 'ಎ' ಕ್ಲಾಸ್ ಎಂದರೆ ಬೆಂಕಿ ಮೇಲ್ಮೈಯಲ್ಲಿ ಹರಡುವ ಅಂಕಿ 25ರ ಒಳಗೆ.

ಫೋನಿನವರ ಮೂಲೆಗೆ ನಾವು ಮಾಡಿದ್ದು: 1500 ಮಿ.ಮೀ. ಎತ್ತರದ ಫೆಲ್ಟ್ ಪ್ಯಾನೆಲ್ ಮೂರು ಬದಿ, ಅವರ ಹಿಂದಿನ ಗೋಡೆಗೆ ಒಂದಷ್ಟು ಫೆಲ್ಟ್ ಹಾಳೆ, ನೆಲಕ್ಕೆ ಕಾರ್ಪೆಟ್ ತುಂಡು. ಮಾತು ಈಗಲೂ ಕೇಳುತ್ತದೆ. ಆದರೆ ಪದಗಳು ಬಿಡಿಬಿಡಿಯಾಗಿ ಗೊತ್ತಾಗುವುದಿಲ್ಲ. ಅಂಕಿ ಕೂಡಿಸುವವರಿಗೆ ಅಷ್ಟೇ ಬೇಕಿತ್ತು. ಗಲಾಟೆಗಿಂತ ಅರ್ಥವಾಗುವ ಮಾತೇ ತಲೆ ತಿನ್ನುವುದು, ಅಲ್ವಾ?

ಬೀಳದಂತೆ ನಿಲ್ಲಿಸುವುದು

ಪ್ಯಾನೆಲ್ ಬಿದ್ದ ದಿನ ಬಂದ ಕಾರ್ಪೆಂಟರ್ ಮೇಸ್ತ್ರಿ ಮೊದಲು ಕೆಳಗೆ ಬಗ್ಗಿ ಕಾಲು ನೋಡಿದರು. ಆಮೇಲೆ ಜೇಬಿನಿಂದ ಐವತ್ತರ ನೋಟು ತೆಗೆದು ನೆಟ್ಟಗೆ ನಿಲ್ಲಿಸಲು ನೋಡಿದರು. ಬಿತ್ತು. ನಡುವೆ ಮಡಚಿ ನಿಲ್ಲಿಸಿದರು. ನಿಂತಿತು. 'ಇಷ್ಟೇ ಮೇಡಂ ವಿಷಯ' ಅಂದರು.

ಲೆಕ್ಕದಲ್ಲೂ ಹೇಳುತ್ತೇನೆ. 900 ಮಿ.ಮೀ. ಅಗಲ, 1500 ಎತ್ತರದ, 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಬೋರ್ಡ್) ಪ್ಯಾನೆಲ್ ಫ್ರೇಮ್ ಸೇರಿ ಸುಮಾರು 20 ಕೆಜಿ. ಅದರ ಅಡ್ಡಕಾಲು 400 ಮಿ.ಮೀ. ಇದ್ದರೆ, ಮೇಲಿನ ಅಂಚಿನಲ್ಲಿ ಬರೀ 2.7 ಕೆಜಿ ತೂಕದಷ್ಟು ತಳ್ಳಿದರೆ ಸಾಕು, ವಾಲಲು ಶುರು. ಪುಟ್ಟ ಮಗು ತಳ್ಳಿದರೂ ಅಷ್ಟಾಗುತ್ತದೆ. ಫೆಲ್ಟ್ ಪ್ಯಾನೆಲ್ ಇನ್ನೂ ಹಗುರ. ಫ್ರೇಮ್ ಸೇರಿ 6 ಕೆಜಿ ಇದ್ದರೆ 800 ಗ್ರಾಂ ತಳ್ಳಿದರೇ ಸಾಕು, ಫ್ಯಾನ್ ಗಾಳಿಗೂ ಅಲ್ಲಾಡುತ್ತದೆ. ಅದೇ 20 ಕೆಜಿಯ ಪ್ಯಾನೆಲ್‌ಗೆ ಅಂಥದ್ದೇ ಇನ್ನೊಂದನ್ನು 'ಎಲ್' ಆಕಾರದಲ್ಲಿ ಬಿಗಿಯಾಗಿ ಸೇರಿಸಿ. ಈಗ ಉರುಳಿಸಲು ಕಡಿಮೆ ಎಂದರೂ 11 ಕೆಜಿ ಬೇಕು. ಕಾಲು ದೊಡ್ಡದು ಮಾಡಲಿಲ್ಲ, ತೂಕ ಇಡಲಿಲ್ಲ. ಬರೀ ತಿರುಗಿಸಿದ್ದು.

ಹಾಗಾಗಿ ನೇರ ಸಾಲಿನಲ್ಲಿ ಎರಡು, ತಪ್ಪಿದರೆ ಮೂರು ಪ್ಯಾನೆಲ್. ಅದರ ನಂತರ ಒಂದು ಅಡ್ಡ ಪ್ಯಾನೆಲ್ ಬರಲೇಬೇಕು. 'ಎಲ್', 'ಟಿ', 'ಯು' ಅಥವಾ ಅಂಕುಡೊಂಕು, ಯಾವುದಾದರೂ ಸರಿ. ಅಡ್ಡ ಪ್ಯಾನೆಲ್‌ಗೆ ಜಾಗವಿಲ್ಲದಿದ್ದರೆ ಮೇಜಿಗೆ ಬ್ರಾಕೆಟ್ ಹಾಕಿ ಬಿಗಿಯಿರಿ. ಗಾಲಿ ಇರುವ ಪ್ಯಾನೆಲ್ ಬೇಕೆಂದರೆ ನಾಲ್ಕೂ ಗಾಲಿಗೆ ಲಾಕ್ ಇರಲಿ, ಎತ್ತರ 1500 ಮೀರುವುದು ಬೇಡ.

ಈ ಪ್ಯಾನೆಲ್‌ಗಳ ಕಥೆಯೂ ಇದೇ ಕೋನದ ಸುತ್ತ ಇದೆ. ಅಮೆರಿಕದ ಮಿಷಿಗನ್‌ನಲ್ಲಿ ಹರ್ಮನ್ ಮಿಲ್ಲರ್ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ ಮಾಡಿದ ಆಕ್ಷನ್ ಆಫೀಸ್ ಮೊದಲು 1964ರಲ್ಲಿ ಬಂತು. 1968ರ ಎರಡನೇ ರೂಪದಲ್ಲಿ ಬಿಡಿ ಪ್ಯಾನೆಲ್‌ಗಳು ಸೇರಿಕೊಂಡವು. ಪ್ಯಾನೆಲ್‌ಗಳು 120 ಡಿಗ್ರಿ ಕೋನದಲ್ಲಿ ಕೈಚಾಚಿದ ಹಾಗೆ ತೆರೆದಿರಬೇಕು ಎಂಬುದು ಅವರ ಆಸೆ. ಕಂಪನಿಗಳು 90 ಡಿಗ್ರಿಗೆ ಮಡಚಿ ಪೆಟ್ಟಿಗೆ ಪೆಟ್ಟಿಗೆ ಜೋಡಿಸಿದವು, ಅದೇ ಜಾಗದಲ್ಲಿ ಜಾಸ್ತಿ ಜನ ಹಿಡಿಯುತ್ತಾರಲ್ಲ. ಕ್ಯೂಬಿಕಲ್ ಹುಟ್ಟಿದ್ದು ಹೀಗೆ, ಪ್ರಾಪ್ಸ್ಟ್‌ಗೆ ಕೊನೆವರೆಗೂ ಅದು ಇಷ್ಟವಾಗಲಿಲ್ಲ. ನಿಮಗೆ ಜಾಗ ಇದ್ದರೆ ಒಂದಾದರೂ ಮೂಲೆಯಲ್ಲಿ 120 ಡಿಗ್ರಿ ಕನೆಕ್ಟರ್ ಹಾಕಿ ನೋಡಿ. ನಮ್ಮ ಮೀಟಿಂಗ್ ಮೂಲೆ ಹಾಗಿದೆ, ಅಲ್ಲಿ ಕೂತರೆ ಇಕ್ಕಟ್ಟು ಅನ್ನಿಸುವುದಿಲ್ಲ.

ಯಾವ ವಸ್ತು: ನೆಲ ಒರೆಸುವ ನೀರನ್ನು ಮರೆಯಬೇಡಿ

ಪ್ರೀಲ್ಯಾಮ್ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ, ಮೇಲೆ ಲ್ಯಾಮಿನೇಟ್ ಹಾಕಿದ್ದು) ಅಗ್ಗ. ಎಂಡಿಎಫ್ ಸ್ವಲ್ಪ ನುಣುಪು, ಭಾರ. ಪ್ಲೈವುಡ್ ಗಟ್ಟಿ, ದುಬಾರಿ. 8 ಮಿ.ಮೀ. ಟಫನ್ಡ್ ಗಾಜು ಚದರ ಮೀಟರಿಗೆ 20 ಕೆಜಿ, ಅಂದರೆ ಮೇಲೆ ಹೇಳಿದ ಅಳತೆಗೆ ಗಾಜೊಂದೇ 27 ಕೆಜಿ. ಬಟ್ಟೆ ಸುತ್ತಿದ ಸಾಫ್ಟ್‌ಬೋರ್ಡ್‌ಗೆ ಪಿನ್ ಚುಚ್ಚಬಹುದು.

ಕ್ಯಾಟಲಾಗ್‌ನಲ್ಲಿ ಯಾರೂ ಹೇಳದ ವಿಷಯ ಒಂದಿದೆ. ನಮ್ಮಲ್ಲಿ ದಿನಾ ನೆಲ ಒರೆಸುತ್ತಾರೆ, ಒದ್ದೆ ಬಟ್ಟೆಯಲ್ಲಿ. ಬೋರ್ಡ್‌ನ ಕೆಳ ಅಂಚು ನೆಲಕ್ಕೆ ತಾಗಿದ್ದರೆ ಆರು ತಿಂಗಳಲ್ಲಿ ನೀರು ಕುಡಿದು ಊದಿಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡ್ ಅಂತೂ ನೆನೆದ ರಸ್ಕಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ಹವೆಯೇ ಸಾಕು. ಆದ್ದರಿಂದ ಕೆಳಗೆ 100 ರಿಂದ 150 ಮಿ.ಮೀ. ಖಾಲಿ ಬಿಟ್ಟು, ಕಾಲಿನ ಮೇಲೆ ಎದ್ದು ನಿಂತಿರುವ ಪ್ಯಾನೆಲ್ಲೇ ಒಳ್ಳೆಯದು. ಮಾಪ್ ಕೆಳಗೆ ಹೋಗುತ್ತದೆ, ಗಾಳಿಯೂ ಆಡುತ್ತದೆ. ನೆಲಕ್ಕೆ ತಾಗಲೇಬೇಕು ಅಂದರೆ ಕೆಳಗೆ ಅಲ್ಯೂಮಿನಿಯಂ ಸ್ಕರ್ಟಿಂಗ್ ಹಾಕಿಸಿ. ಕೆಳಸಂದಿನಿಂದ ಸ್ವಲ್ಪ ಸದ್ದು ನುಸುಳುತ್ತದೆ. ಮೇಲಿಂದ ಬರುವುದರ ಮುಂದೆ ಅದು ಏನೂ ಅಲ್ಲ.

ಗಾಳಿ, ವೈರು, ಬೆಂಕಿ

ಸ್ಪ್ಲಿಟ್ ಎಸಿಯ ಎದುರು ಮೂರು-ನಾಲ್ಕು ಅಡಿಯೊಳಗೆ ಎತ್ತರದ ಪ್ಯಾನೆಲ್ ಬೇಡ. ತಂಪು ಗಾಳಿ ಅಲ್ಲೇ ಕೆಳಗೆ ಸುರಿದು ಎಸಿ 'ರೂಮ್ ತಣ್ಣಗಾಯಿತು' ಎಂದುಕೊಂಡು ನಿಲ್ಲುತ್ತದೆ. ಅತ್ತ ಕಡೆಯವರು ಬೆವರುತ್ತಾ ಕೂರುತ್ತಾರೆ.

ವೈರು ಯಾವತ್ತೂ ದಾರಿಗೆ ಅಡ್ಡ ನೆಲದ ಮೇಲೆ ಹರಿಯಬಾರದು. ಪ್ಯಾನೆಲ್ ಒಳಗೇ ರೇಸ್‌ವೇ (ವೈರು ಹಾಯುವ ಕಾಲುವೆ) ಇರುವಂಥದ್ದು ಸಿಕ್ಕರೆ ಸರಿ, ಇಲ್ಲದಿದ್ದರೆ ಪ್ಯಾನೆಲ್ ಬುಡದಲ್ಲಿ ಪಿವಿಸಿ ಕೇಸಿಂಗ್-ಕ್ಯಾಪಿಂಗ್ (ಮುಚ್ಚಳ ಇರುವ ಪ್ಲಾಸ್ಟಿಕ್ ಪಟ್ಟಿ) ಓಡಿಸಿ. ಬೆಂಗಳೂರಿನಲ್ಲಾದರೆ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಎಲ್ಲ ಅಳತೆಯೂ ಸಿಗುತ್ತದೆ. ಕರೆಂಟ್ ವೈರಿಗೂ ಇಂಟರ್ನೆಟ್ ಕೇಬಲ್‌ಗೂ ಬೇರೆ ಬೇರೆ ಚಾನೆಲ್. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡ್ ಚುಚ್ಚುವ ಅಭ್ಯಾಸ ನಮ್ಮಲ್ಲೂ ಇತ್ತು, ಬಿಟ್ಟೆವು. ಅಲ್ಯೂಮಿನಿಯಂ ಫ್ರೇಮ್ ಒಳಗೆ ಕರೆಂಟ್ ವೈರು ಹೋಗುವುದಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು, ಫ್ರೇಮ್‌ಗೆ ಅರ್ಥಿಂಗ್ ಕೊಡಲೇಬೇಕು.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೊರಹೋಗುವ ಬಾಗಿಲು ಕನಿಷ್ಠ 1000 ಮಿ.ಮೀ. ಅಗಲ ಇರಬೇಕು ಎನ್ನುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ನಿಮ್ಮ ಪ್ಯಾನೆಲ್ ಅದಕ್ಕಿಂತ ಸಣ್ಣದು ಮಾಡಬಾರದು. ಸೀಲಿಂಗ್‌ನಲ್ಲಿ ಸ್ಪ್ರಿಂಕ್ಲರ್ ಇದ್ದರೆ ಪ್ಯಾನೆಲ್‌ನ ಮೇಲಂಚು ಅದರಿಂದ ಕನಿಷ್ಠ 450 ಮಿ.ಮೀ. ಕೆಳಗಿರಲಿ, ಇಲ್ಲದಿದ್ದರೆ ನೀರು ಹರಡುವುದಿಲ್ಲ. ಪ್ರತಿ ಕುರ್ಚಿಯಲ್ಲೂ ಒಮ್ಮೆ ಕೂತು ಎದ್ದು ನೋಡಿ: ನಿಂತಾಗ ಹೊರಬಾಗಿಲು ಯಾವ ಕಡೆ ಎಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಒಂದು ಪ್ಯಾನೆಲ್ ಗಿಡ್ಡ ಮಾಡಿ.

ಕೊಟೇಷನ್ ಓದುವುದು

ಒಬ್ಬರು ಪ್ಯಾನೆಲ್‌ಗೆ ಇಷ್ಟು ಅನ್ನುತ್ತಾರೆ, ಇನ್ನೊಬ್ಬರು ರನ್ನಿಂಗ್ ಫೀಟ್‌ಗೆ (ಉದ್ದದ ಪ್ರತಿ ಅಡಿಗೆ), ಮತ್ತೊಬ್ಬರು ಚದರಡಿಗೆ. ಹೋಲಿಸಲು ಆಗಬಾರದು ಅಂತಲೇ ಹೀಗಿದೆಯೇನೋ ಅನ್ನಿಸುತ್ತದೆ. ನಿಮ್ಮ ನಕ್ಷೆ ಕೊಟ್ಟು 'ಈ ನಕ್ಷೆ ನಿಲ್ಲಿಸಿ ಕೊಡಲು ಒಟ್ಟು ಎಷ್ಟು' ಎಂದು ಮಾತ್ರ ಕೇಳಿ.

ನಮ್ಮ ಮೊದಲ ಕೊಟೇಷನ್‌ನಲ್ಲಿ ಪ್ಯಾನೆಲ್ ಬೆಲೆ ಮಾತ್ರ ಇತ್ತು. ಮೂಲೆಯ ಕಂಬ, 'ಟಿ' ಕನೆಕ್ಟರ್, ಕೊನೆಯ ಮುಚ್ಚಳಪಟ್ಟಿ, ಕಾಲು, ಸಾಗಣೆ, ಜೋಡಣೆ ಎಲ್ಲ ಆಮೇಲೆ ಒಂದೊಂದಾಗಿ ಬಂದವು. ಅಡ್ಡ ಪ್ಯಾನೆಲ್ ಬೇಡ, ಖರ್ಚು ಉಳಿಯುತ್ತದೆ ಎಂದು ನಾವೇ ಒಪ್ಪಿಕೊಂಡದ್ದೂ ಆಗಲೇ. ಅದರ ಫಲವೇ ಆ ಸೋಮವಾರ. ಆದ್ದರಿಂದ ಪ್ರತಿ ಸೇರಿಕೆಗೆ ಯಾವ ಕನೆಕ್ಟರ್, ಎಷ್ಟು ಎಂದು ಬರೆಸಿಕೊಳ್ಳಿ. ಮೇಲಾಗಿ ಎರಡು ಕನೆಕ್ಟರ್, ಎರಡು ಕಾಲು ಸ್ಪೇರ್ ತೆಗೆದುಕೊಳ್ಳಿ. ಎರಡು ವರ್ಷದ ನಂತರ ಅದೇ ಡಿಸೈನ್ ಸಿಗುವುದು ಅದೃಷ್ಟ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ. ಬೆಂಗಳೂರಿನಲ್ಲಿ ದೊಡ್ಡ ಆಫೀಸುಗಳು ಖಾಲಿಯಾಗುತ್ತಲೇ ಇರುತ್ತವೆ, ಒಳ್ಳೆಯ ಮಾಲು ಬರುತ್ತದೆ. ಆದರೆ ಎರಡು ಬೇರೆ ಕಂಪನಿಯ ಪ್ಯಾನೆಲ್‌ಗಳ ಕನೆಕ್ಟರ್ ಒಂದಕ್ಕೊಂದು ಕೂರುವುದಿಲ್ಲ. ಬೇಕಾದಷ್ಟೂ ಒಂದೇ ಜಾತಿಯದ್ದು ಸಿಕ್ಕರೆ ಮಾತ್ರ ಕೊಳ್ಳಿ. ಬಟ್ಟೆ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ, ಅದು ಹೋಗುವುದಿಲ್ಲ.

ಜಿಎಸ್‌ಟಿ ಕಟ್ಟುವವರಿಗೆ ಒಂದು ಮಾತು. ಕಟ್ಟಡಕ್ಕೆ ಸೇರಿಹೋಗುವ ಕಾಮಗಾರಿಯ ತೆರಿಗೆಗೆ ಕ್ರೆಡಿಟ್ ತೆಗೆದುಕೊಳ್ಳಲು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಅಡ್ಡ ಬರುತ್ತದೆ. ಬಿಡಿಯಾಗಿ ನಿಲ್ಲುವ, ಸರಿಸಬಹುದಾದ ಪ್ಯಾನೆಲ್ ಪೀಠೋಪಕರಣದ ಲೆಕ್ಕ. ಬಿಲ್‌ನಲ್ಲಿ 'ಇಂಟೀರಿಯರ್ ವರ್ಕ್' ಎಂದು ಒಟ್ಟಾರೆ ಬರೆಸದೆ ವಸ್ತುವಿನ ಹೆಸರನ್ನೇ ಬರೆಸಿ, ನಿಮ್ಮ ಆಡಿಟರ್‌ಗೆ ತೋರಿಸಿ. ಹಾಗೇ ಮನೆ ಮಾಲೀಕರಿಗೂ ಒಂದು ಪತ್ರ: ಕೊರೆಯುತ್ತಿಲ್ಲ, ಹೋಗುವಾಗ ನಾವೇ ಒಯ್ಯುತ್ತೇವೆ ಎಂದು. ನಮ್ಮ ಮಾಲೀಕರು ಓದಿ, 'ಇದಕ್ಕೆಲ್ಲ ಪತ್ರ ಯಾಕಮ್ಮ' ಅಂದರು, ಆದರೆ ಸಹಿ ಹಾಕಿದ ಪ್ರತಿ ನಮ್ಮ ಫೈಲ್‌ನಲ್ಲಿದೆ.

ಜೋಡಿಸುವ ದಿನ

ಹಿಂದಿನ ದಿನವೇ ಲಿಫ್ಟ್‌ನ ಒಳಗಿನ ಅಳತೆ, ಮೆಟ್ಟಿಲಿನ ತಿರುವು ಅಳೆಯಿರಿ. 1200 ಅಗಲ, 1800 ಎತ್ತರದ ಪ್ಯಾನೆಲ್ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ತಿರುಗದೆ ಸಿಕ್ಕಿಕೊಳ್ಳುತ್ತದೆ. ಭಾನುವಾರ ಇಟ್ಟುಕೊಳ್ಳಿ. ಬೇಕಾದ್ದು: ಇಬ್ಬರು ಜನ, ಅಲೆನ್ ಕೀ, ರಬ್ಬರ್ ಸುತ್ತಿಗೆ, ರಸಮಟ್ಟ, ಟೇಪು, ಸೀಮೆಸುಣ್ಣ.

ನೆಲದ ಟೇಪ್ ಗುರುತು ಹಾಗೇ ಇರಲಿ. ಮೂಲೆಯಿಂದ ಶುರು ಮಾಡಿ, ಯಾವತ್ತೂ ನಡುವಿನಿಂದ ಅಲ್ಲ. ಮೊದಲ ಎರಡು ಪ್ಯಾನೆಲ್‌ಗಳನ್ನು 'ಎಲ್' ಆಕಾರಕ್ಕೆ ಸೇರಿಸಿ. ಅವು ತಾವೇ ನಿಲ್ಲುತ್ತವೆ, ಹಿಡಿದುಕೊಂಡಿದ್ದವರ ಕೈ ಖಾಲಿಯಾಗುತ್ತದೆ. ಉಳಿದವು ಅದಕ್ಕೆ ಒಂದೊಂದಾಗಿ ಸೇರಲಿ. ಸ್ಕ್ರೂಗಳನ್ನು ಬೆರಳಲ್ಲಿ ತಿರುಗುವಷ್ಟೇ ಬಿಗಿ ಮಾಡಿ, ಪೂರ್ತಿ ಬೇಡ. ಇಡೀ ಸಾಲು ನಿಂತ ಮೇಲೆ ರಸಮಟ್ಟ ಇಟ್ಟು ಕಾಲಿನ ಲೆವೆಲರ್ ಬೋಲ್ಟ್ ತಿರುಗಿಸಿ ಮಟ್ಟ ಮಾಡಿ. ಗುಳ್ಳೆ ನಡುವೆ ಬಂದ ಮೇಲೆ ಕೊನೆಗೆ ಎಲ್ಲ ಸ್ಕ್ರೂ ಬಿಗಿಯಿರಿ, ಕೆಳಗಿನದು ಮೊದಲು. ಮೊದಲೇ ಬಿಗಿದರೆ ಒಂದು ಪ್ಯಾನೆಲ್‌ನ ಓರೆ ಮುಂದಿನದಕ್ಕೆ ಹೋಗಿ, ಐದನೆಯದರ ಹೊತ್ತಿಗೆ ಮೇಲ್ಸಂದು ಬೆರಳು ತೂರುವಷ್ಟಾಗುತ್ತದೆ.

ಮುಗಿದ ಮೇಲೆ ಪ್ರತಿ ಸಾಲನ್ನೂ ಭುಜದೆತ್ತರದಲ್ಲಿ ಅಂಗೈಯಿಂದ ಗಟ್ಟಿಯಾಗಿ ತಳ್ಳಿ. ಅಲ್ಲಾಡಬಹುದು, ಕಾಲು ನೆಲದಿಂದ ಏಳಬಾರದು. ಎದ್ದರೆ ಒಂದು ಅಡ್ಡ ಪ್ಯಾನೆಲ್ ಕಡಿಮೆ ಇದೆ ಎಂದೇ ಅರ್ಥ. ಒಂದು ತಿಂಗಳ ನಂತರ ಮತ್ತೆ ಅಲೆನ್ ಕೀ ಹಿಡಿದು ಒಂದು ಸುತ್ತು ಬನ್ನಿ, ಅರ್ಧದಷ್ಟು ಸ್ಕ್ರೂಗಳು ಕಾಲು ಸುತ್ತಿನಷ್ಟು ಸಡಿಲವಾಗಿರುತ್ತವೆ.

ಬಟ್ಟೆ, ಫೆಲ್ಟ್ ಧೂಳು ಹಿಡಿಯುತ್ತದೆ. ಎದುರಿಗೆ ಮೆಟ್ರೋ ಅಥವಾ ಅಪಾರ್ಟ್‌ಮೆಂಟ್ ಕೆಲಸ ನಡೆಯುತ್ತಿದ್ದರಂತೂ ಕೇಳುವುದೇ ಬೇಡ. ಹದಿನೈದು ದಿನಕ್ಕೊಮ್ಮೆ ವ್ಯಾಕ್ಯೂಮ್ ಕ್ಲೀನರ್ ಸಾಕು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಧೂಳು ಒಳಗೆ ಕೂರುತ್ತದೆ.

ಈಗ ನಮ್ಮಲ್ಲಿ 14 ಪ್ಯಾನೆಲ್ ಇವೆ: 1500ರ ಆರು, 1200ರ ಐದು, ಹಳೆಯ ಆರಡಿಯವು ಮೂರು. ಆಯುಧಪೂಜೆಯ ದಿನ ಎಲ್ಲವನ್ನೂ ಬಿಚ್ಚಿ ಗೋಡೆಗೆ ಒರಗಿಸಿ ಹಾಲ್ ಖಾಲಿ ಮಾಡುತ್ತೇವೆ. ಮರುದಿನ ನೆಲದ ಗುರುತು ನೋಡಿಕೊಂಡು ವಾಪಸ್ ನಿಲ್ಲಿಸಲು ಇಬ್ಬರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಮೊದಲ ವರ್ಷ ಯಾರೋ ಭಕ್ತಿಯಿಂದ ಪ್ರತಿ ಪ್ಯಾನೆಲ್‌ಗೂ ಕುಂಕುಮ ಇಟ್ಟರು. ಬೂದು ಫೆಲ್ಟ್ ಮೇಲೆ ಆ ಆರು ಬೊಟ್ಟುಗಳು ಇವತ್ತಿಗೂ ಹೋಗಿಲ್ಲ. ಈಗ ಅಲ್ಯೂಮಿನಿಯಂ ಕಾಲಿಗೆ ಮಾತ್ರ ಇಡುತ್ತೇವೆ.